ಗಾಂಧಾರ ಇಳಿದರೆ

ಪ್ರೇಮದಲ್ಲಿ ಸೋಲದವರಿಗೂ ಒಂದು ವಿರಹದ ಹಾಡು ಬೇಕಾಗುತ್ತದೆ. ನನ್ನದು ‘ತೇರೆ ಮೇರೆ ಬೀಚ್ ಮೇಂ’. 1981ರ ‘ಏಕ್ ದೂಜೆ ಕೆ ಲಿಯೆ’ ಸಿನಿಮಾದ್ದು, ಲಕ್ಷ್ಮಿಕಾಂತ್-ಪ್ಯಾರೇಲಾಲ್ ಸಂಗೀತ. ಈ ಹಾಡು ಎರಡು ಥರ ಇದೆ. ಒಂದನ್ನು ಲತಾ ಮಂಗೇಶ್ಕರ್ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಸೇರಿ ಹಾಡಿದ್ದಾರೆ. ಇನ್ನೊಂದನ್ನು ಎಸ್‌ಪಿಬಿ ಒಬ್ಬರೇ. ನನಗೆ ಬೇಕಾದ್ದು ಒಂಟಿ ದನಿಯದು. ಅದು ಶುರುವಾದರೆ ಸಾಕು, ನಮ್ಮ ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳುತ್ತಾರೆ: “ಎಂತ ಮಾರಾಯ, ಯಾವಾಗ ನೋಡಿದ್ರೂ ಅಳುವ ಪದ್ಯ? ಇಬ್ರೂ ಹಾಡುದು ಹಾಕು.”

ಹಾಡು ಇರುವುದು ಶಿವರಂಜನಿ ರಾಗದಲ್ಲಿ. ಮನೆಯಲ್ಲಿ ಹಳೇ ಹಾರ್ಮೋನಿಯಂ ಇದ್ದರೆ ನೀವೇ ನೋಡಬಹುದು. ಬಿಳಿ ಒಂದನ್ನು, ಅಂದರೆ ಎರಡು ಕಪ್ಪು ಕೀಗಳ ಜೋಡಿಯ ಎಡಕ್ಕಿರುವ ಬಿಳಿ ಕೀಯನ್ನು, ಷಡ್ಜ (ಸ) ಮಾಡಿಕೊಂಡು ಸ, ರಿ, ಗ, ಪ, ದ ಒತ್ತಿ. ಎಲ್ಲವೂ ಬಿಳಿಯೇ. ಇದು ಮೋಹನ ರಾಗ. ಮದುವೆ ಮನೆಗೆ ಬಂದವರ ಹಾಗೆ ಐದೂ ಸ್ವರ ನಗುತ್ತಾ ನಿಂತಿರುತ್ತವೆ. ಈಗ ಗಾಂಧಾರವನ್ನು (ಗ) ಮಾತ್ರ ಬಿಟ್ಟು, ಅದರ ಎಡಗಡೆಯ ಕಪ್ಪು ಒತ್ತಿ. ಉಳಿದ ನಾಲ್ಕನ್ನು ಮುಟ್ಟಬೇಡಿ. ಶಿವರಂಜನಿ ಆಯಿತು. ಇಷ್ಟೇ ವ್ಯತ್ಯಾಸ, ಅರ್ಧ ಸ್ವರ! ‘ಮೇರಾ ನಾಮ್ ಜೋಕರ್’ನಲ್ಲಿ ಮುಕೇಶ್ ಹಾಡಿದ ‘ಜಾನೆ ಕಹಾಂ ಗಯೇ ವೋ ದಿನ್’ ಕೂಡ ಇದೇ ರಾಗದ್ದು. ಹಿಂದಿ ಸಿನಿಮಾದವರು ಅಳಿಸಬೇಕು ಅಂದಾಗೆಲ್ಲ ಈ ಕಪ್ಪು ಕೀಯನ್ನು ಹುಡುಕಿಕೊಂಡು ಬಂದಿದ್ದಾರೆ.

ಆದರೆ ರಾಗವೇ ಎಲ್ಲ ಮಾಡುವುದಾದರೆ ಜೋಡಿ ಹಾಡೂ ಅಳಿಸಬೇಕಿತ್ತು, ಅಲ್ವಾ? ಅದರಲ್ಲೂ ಅದೇ ರಾಗ, ಅದೇ ಧಾಟಿ. ಚಿಕ್ಕಮ್ಮ ಅದನ್ನು ಕೇಳುತ್ತಾ ಆರಾಮಾಗಿ ತೆಂಗಿನಕಾಯಿ ತುರಿಯುತ್ತಾರೆ. ನನಗೆ ಅನ್ನಿಸುವುದು ಹೀಗೆ. ಜೋಡಿ ಹಾಡಿನಲ್ಲಿ ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರ ಉತ್ತರ ಇದೆ. ಒಂಟಿ ಹಾಡಿನಲ್ಲಿ ಅವಳು ಬರಬೇಕಾದ ಜಾಗಕ್ಕೂ ಅವನೇ ಬರುತ್ತಾನೆ.

ಇದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದ ಆಟ ನೋಡಿದವರಿಗೆ ಗೊತ್ತು. ಚಂದ್ರಮತಿ ಮಗನ ಹೆಣದ ಮುಂದೆ ಕೂತಾಗ ಚೆಂಡೆ ಸುಮ್ಮನಾಗುತ್ತದೆ. ಅಷ್ಟು ಹೊತ್ತು ಗದ್ದೆಯಾಚೆಗೂ ಕೇಳುತ್ತಿದ್ದ ಚೆಂಡೆ! ಮತ್ತೆ ಭಾಗವತರ ದನಿ, ಮೆಲ್ಲಗೆ ಮದ್ದಳೆ, ಶ್ರುತಿ ಮಾತ್ರ. ಹಿಂದೆ ಕೂತು ಕಡಲೆ ತಿನ್ನುತ್ತಿದ್ದವರೂ ಕೈ ನಿಲ್ಲಿಸುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇರುವ ಸೀಮೆ ನಮ್ಮದು. ಯಾವಾಗ ಬಾರಿಸಬಾರದು ಎಂಬುದು ಇಲ್ಲಿ ಹಳೆಯ ವಿದ್ಯೆ.

ಎಸ್‌ಪಿಬಿ ಹಿಂದಿಯ ಬಗ್ಗೆಯೂ ಒಂದು ಮಾತು. ಈ ದಕ್ಷಿಣದ ಗಾಯಕನಿಂದ ಹಿಂದಿ ಹಾಡು ಆದೀತೇ ಎಂದು ಸಂಗೀತ ನಿರ್ದೇಶಕರಿಗೆ ಮೊದಲು ಅನುಮಾನ ಇತ್ತಂತೆ. ನಿರ್ದೇಶಕ ಬಾಲಚಂದರ್ ಬಿಡಲಿಲ್ಲ. ಕತೆಯ ಹುಡುಗ ತಮಿಳಿನವನು, ಅವನ ಹಿಂದಿ ಸ್ವಲ್ಪ ತಡವರಿಸಿದರೇ ಸರಿ ಎಂಬುದು ಅವರ ವಾದ. ಕೊನೆಗೆ ಆ ಸಿನಿಮಾದ ಹಾಡಿಗೇ ಎಸ್‌ಪಿಬಿಗೆ ರಾಷ್ಟ್ರಪ್ರಶಸ್ತಿ ಬಂತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳಂ ಇರುವ ಊರಿನವರು ನಾವು. ಇನ್ನೊಬ್ಬರ ಭಾಷೆಯಲ್ಲಿ ಪ್ರೀತಿ ಹೇಳಹೊರಟವನ ಉಚ್ಚಾರ ತಿದ್ದುವ ಮನಸ್ಸು ನಮಗೆ ಬರುವುದಿಲ್ಲ.

ನನ್ನ ತಕರಾರು ಇರುವುದು ಈಗಿನ ರೀಲ್ಸಿನವರ ಮೇಲೆ. ಅಕ್ಕನ ಮಗ ಮೊನ್ನೆ “ಮಾವ, ಇದು ಕೇಳಿ” ಎಂದು ಅದೇ ಹಾಡನ್ನು ಹಾಕಿದ. ವೇಗ ತಗ್ಗಿಸಿ, ಗುಹೆಯೊಳಗೆ ಹಾಡಿದ ಹಾಗೆ ಪ್ರತಿಧ್ವನಿ ಸೇರಿಸಿದ್ದರು. ಹೀಗೆ ನಿಧಾನ ಮಾಡಿದರೆ ಸ್ವರಗಳೆಲ್ಲ ಒಟ್ಟಿಗೇ ಕೆಳಗಿಳಿಯುತ್ತವೆ. ಷಡ್ಜಕ್ಕೂ ಗಾಂಧಾರಕ್ಕೂ ಇರುವ ದೂರ ಮೊದಲಿನಷ್ಟೇ. ದುಃಖ ಏನೂ ಜಾಸ್ತಿ ಆಗುವುದಿಲ್ಲ, ಎಸ್‌ಪಿಬಿಗೆ ನೆಗಡಿಯಾದಂತೆ ಕೇಳುತ್ತದೆ. ಇದನ್ನು ಅವನಿಗೆ ತೋರಿಸಿಕೊಡೋಣ ಎಂದು ಹಾರ್ಮೋನಿಯಂ ಪೆಟ್ಟಿಗೆ ತೆಗೆದೆ. ಅಷ್ಟರಲ್ಲಿ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಾಗಿತ್ತು.