ನನ್ನ ಲ್ಯಾಪ್‌ಟಾಪ್‌ನಲ್ಲಿ ನಡೀತಿತ್ತಂತೆ!

ಇವತ್ತು ಬೆಳಿಗ್ಗೆ ವಿಜಯಪುರದಲ್ಲಿ ಪರಿಚಯದ ದಲ್ಲಾಳಿ ಅಂಗಡಿಗೆ ಹೋಗಿದ್ದೆ. ಒಣದ್ರಾಕ್ಷಿ ಹರಾಜು ನಡೆದಿತ್ತು. ತಿಕೋಟಾ ಕಡೆಯ ರೈತರೊಬ್ಬರು ಗೋಡೆಯ ಮೇಲಿನ ಪರದೆಯನ್ನೇ ನೋಡುತ್ತಾ ನಿಂತಿದ್ದರು. ಪರದೆಯಲ್ಲಿ ಕಿಲೋಗೆ 185 ರೂಪಾಯಿ. ಅಂಗಳದಲ್ಲಿ ಕೂಗುತ್ತಿದ್ದದ್ದು 210! ಇದಕ್ಕೆ 'ಲೈವ್ ರೇಟ್' ಅಂತ ಹೆಸರು ಬೇರೆ.

ಆ ಪರದೆಗೆ ರೇಟು ಕಳಿಸುವ ಪ್ರೋಗ್ರಾಮ್ ಮಾಡಿಕೊಟ್ಟ ಹುಡುಗನಿಗೆ ಫೋನ್ ಹಚ್ಚಿದೆ. ಬಂತಲ್ಲ ಅದೇ ಉತ್ತರ: "ನನ್ನ ಲ್ಯಾಪ್‌ಟಾಪ್‌ನ್ಯಾಗ ನಡೀತೈತ್ರಿ ಸರ್. ಡಾಕರ್‌ನ್ಯಾಗ ಹಾಕೀನಿ, ಎಲ್ಲಾ ಕಡೆ ಒಂದೇ ಥರ ಇರ್ತೈತಿ."

ಡಾಕರ್ ಅಂದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದದ್ದನ್ನೂ ಕಂಟೇನರ್ ಅನ್ನುವ ಒಂದೇ ಡಬ್ಬಿಗೆ ತುಂಬಿ ಓಡಿಸುವ ಸಾಧನ. ಇರುತ್ತದೆ ತಮ್ಮಾ, ಆ ಕಂಟೇನರ್ ಒಳಗೆ ಒಂದೇ ಥರ ಇರುತ್ತದೆ. ಹೊರಗೆ? ನಿನ್ನ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ನೇರವಾಗಿ ವೆಬ್‌ಸಾಕೆಟ್ ಸರ್ವರ್ ಜೊತೆ ಮಾತಾಡುತ್ತದೆ. ವೆಬ್‌ಸಾಕೆಟ್ ಅಂದರೆ ಕೇಳದೆಯೇ ಹೊಸ ರೇಟು ಬರುವಂತೆ ಇಬ್ಬರ ನಡುವೆ ತೆರೆದೇ ಇಡುವ ಲೈನ್. ಇಲ್ಲಿ ನಡುವೆ ಎಂಜಿನ್‌ಎಕ್ಸ್ ಅನ್ನುವ ಮಧ್ಯವರ್ತಿ ಸರ್ವರ್ ಕೂತಿದೆ. ತನ್ನ ಹಿಂದಿರುವ ಕಂಟೇನರ್‌ನಿಂದ 60 ಸೆಕೆಂಡ್ ಏನೂ ಬರದಿದ್ದರೆ ಅದು ಲೈನ್ ಕಡಿದು ಹಾಕುತ್ತದೆ. ನಾವು ಬೇರೆ ಲೆಕ್ಕ ಹೇಳದಿದ್ದರೆ ಅದರ ಪದ್ಧತಿಯೇ ಅದು. ಹರಾಜು ಜೋರಾಗಿದ್ದಾಗ ತೊಂದರೆ ಇಲ್ಲ. ಎಲ್ಲರೂ ಚಹಾಕ್ಕೆ ಎದ್ದರು, ಎರಡು ನಿಮಿಷ ಯಾವ ರೇಟೂ ಬರಲಿಲ್ಲ, ಲೈನ್ ಕಟ್. ಬ್ರೌಸರ್‌ನ ವೆಬ್‌ಸಾಕೆಟ್ ತಾನಾಗಿ ಮತ್ತೆ ಜೋಡಿಸಿಕೊಳ್ಳುವುದಿಲ್ಲ, ಅದನ್ನೂ ನಾವೇ ಬರೆಯಬೇಕು. ಹುಡುಗ ಬರೆದಿರಲಿಲ್ಲ. ಚಹಾಕ್ಕೆ ಮುಂಚಿನ ರೇಟು ಪರದೆಗೆ ಅಂಟಿಕೊಂಡಿತ್ತು. ಸರ್ವರ್‌ನಿಂದ 30 ಸೆಕೆಂಡಿಗೊಮ್ಮೆ ಪಿಂಗ್, ಅಂದರೆ 'ಇದ್ದೀಯಾ?' ಅನ್ನುವಂಥ ಪುಟ್ಟ ಸಂದೇಶ, ಕಳಿಸಿದ್ದರೆ ಮುಗಿದಿತ್ತು. ಪಿಂಗ್ ಏನು ಹೊಸದಾ? 2011ರ ವೆಬ್‌ಸಾಕೆಟ್ ನಿಯಮದಲ್ಲೇ ಇದೆ.

"ಸುಮ್ನೆ ಐದು ಸೆಕೆಂಡಿಗೊಮ್ಮೆ ಪೇಜೇ ಹೋಗಿ ರೇಟ್ ಕೇಳಲಿ, ಇಷ್ಟು ಪೇಚಾಟ ಯಾಕೆ" ಅನ್ನುವವರು ಇಲ್ಲೇ ಇದ್ದೀರಿ, ಗೊತ್ತು. ಹವಾಮಾನ ತೋರಿಸೋಕೆ ಅದು ಸಾಕು. ಹರಾಜಿನಲ್ಲಿ ಐದು ಸೆಕೆಂಡಿಗೆ ಮಾಲು ಇನ್ನೊಬ್ಬರ ಪಾಲಾಗಿರುತ್ತದೆ.

ನಾನೇನು ಸಾಚಾ ಅಲ್ಲ ಬಿಡಿ. ಮೊದಲ ಸಲ ಕಂಟೇನರ್‌ನಲ್ಲಿ ಇಂಥದ್ದೇ ಸರ್ವರ್ ಓಡಿಸಿದಾಗ ಅದು ಕಿವಿಗೊಡಬೇಕಾದ ವಿಳಾಸ 127.0.0.1 ಅಂತ ಬರೆದು, ಪೋರ್ಟ್ (ಹೊರಗಿನವರು ಬರುವ ಬಾಗಿಲು) ತೆರೆದು, ರಾತ್ರಿಯಿಡೀ ತಲೆ ಚಚ್ಚಿಕೊಂಡಿದ್ದೆ. ಕಂಟೇನರ್ ಒಳಗೆ ಆ ವಿಳಾಸ ಅಂದರೆ ಆ ಕಂಟೇನರೇ. ಹೊರಗಿನವರು ಎಷ್ಟು ಬಾಗಿಲು ಬಡಿದರೂ ಕೇಳುವುದಿಲ್ಲ. 0.0.0.0, ಅಂದರೆ ಎಲ್ಲ ಕಡೆಯಿಂದ ಬಂದದ್ದಕ್ಕೂ ಕಿವಿಗೊಡು, ಅಂತ ಬರೆಯಬೇಕಿತ್ತು. ಬೆಳಿಗ್ಗೆ ಸಾಹೇಬರಿಗೆ ನಾನು ಹೇಳಿದ್ದೂ ಅದೇ ಮಾತು, "ನನ್ನ ಲ್ಯಾಪ್‌ಟಾಪ್‌ನಲ್ಲಿ ನಡೀತಿತ್ತು ಸರ್." ಅದಕ್ಕೇ ಇರಬೇಕು ಇವತ್ತು ಇಷ್ಟು ಸಿಟ್ಟು ಬಂದದ್ದು.

ಅಂಗಡಿ ಸಾಹುಕಾರರು ಮಾತ್ರ ನಕ್ಕರು. "ನಿಮ್ಮ ಪರದೆಗಿಂತ ನಮ್ಮ ಹಮಾಲ ಒದರೋದೇ ಲಗೂ ಮುಟ್ತೈತಿ ಬಿಡ್ರಿ."

ಸಂಜೆ ಹುಡುಗನ ಮೆಸೇಜ್ ಬಂತು. ಪಿಂಗ್ ಹಾಕಿದ್ದಾನಂತೆ. ಚೆಕ್ ಮಾಡಿದ್ದು ಎಲ್ಲಿ ಅಂತ ನಾನು ಕೇಳಲಿಲ್ಲ. ನಾಳೆ ಚಹಾದ ಹೊತ್ತಿಗೆ ನಾನೇ ಹೋಗಿ ಪರದೆ ಮುಂದೆ ಕೂರುತ್ತೇನೆ.