ರೇಸ್ ಕೊಟ್ಟರೆ ಆಫ್

ನಮ್ಮ ಕಾರಿಗೊಂದು ವಿಚಿತ್ರ ಕಾಯಿಲೆ ಬಂತು. ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. ನಿಂತಲ್ಲೇ ಬಿಟ್ಟರೆ, ಹಬ್ಬದೂಟ ಮುಗಿಸಿ ಚಾಪೆಯ ಮೇಲೆ ಒರಗಿದ ನಮ್ಮ ಮಾವನವರ ಗೊರಕೆಯಂತೆ ಒಂದೇ ಲಯದಲ್ಲಿ ಎಷ್ಟು ಹೊತ್ತಾದರೂ ಗುರುಗುಟ್ಟುತ್ತಿತ್ತು. ಎಕ್ಸಿಲೇಟರನ್ನು ಒಂಚೂರು ಜೋರಾಗಿ ಒತ್ತಿದೆನೋ, ‘ಉಫ್’ ಎಂದು ಆಫ್. ಕೆಲಸ ಹೇಳುವವರೆಗೆ ಚುರುಕಾಗಿದ್ದು, ಹೇಳಿದ ತಕ್ಷಣ ಸೊಂಟ ಹಿಡಿದುಕೊಳ್ಳುವವರ ಪೈಕಿ.

ಮೊದಲ ಸಲ ಹೀಗಾದದ್ದು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ, ಶುಕ್ರವಾರ, ಅತ್ತೆ-ಮಾವ ಹಿಂದಿನ ಸೀಟಿನಲ್ಲಿರುವಾಗ. ಸೆಕೆಂಡ್ ಗೇರಿಗಿಳಿಸಿ ಕಾಲು ಅದುಮಿದೆ. ಕಾರು ಉಸಿರು ಬಿಟ್ಟು ನಿಂತಿತು. ಹಿಂದಿದ್ದ ಸಿಟಿ ಬಸ್ಸು ಹಾರ್ನ್ ಹೊಡೆಯಿತು. “ಅಳಿಯಂದ್ರೇ, ಚೋಕ್ ಎಳೀರಿ” ಎಂದರು ಮಾವ.

ಚೋಕ್ ಎಳೆಯಲು ನಮ್ಮ ಕಾರಿನಲ್ಲಿ ಚೋಕೇ ಇಲ್ಲ. ಅದು 2001ರ ಗಾಡಿ. ಹಿಂದಿನ ವರ್ಷವಷ್ಟೇ ದೇಶದಲ್ಲಿ ಹೊಗೆಯ ಹೊಸ ನಿಯಮ ಬಂದು, ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ, ಚೋಕ್ ಇದ್ದ ಹಳೇ ಕಾರ್ಬೊರೇಟರುಗಳು ಒಂದೊಂದಾಗಿ ಗುಜರಿಯ ದಾರಿ ಹಿಡಿದಿದ್ದವು. ಹಿಂದುಗಡೆ ‘ಎಂಪಿಎಫ್ಐ’ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಏರ್ಪಾಡು) ಎಂಬ ನಾಲ್ಕಕ್ಷರ ಅಂಟಿಸಿಕೊಂಡ ಕಾರೆಂದರೆ ಆಗ ಮನೆಗೆ ಎಂಜಿನಿಯರ್ ಅಳಿಯ ಬಂದಷ್ಟು ಹೆಮ್ಮೆ. 2016ರಲ್ಲಿ ಹದಿನೈದು ವರ್ಷ ತುಂಬಿ ಆರ್‌ಟಿಒದಲ್ಲಿ ಐದು ವರ್ಷದ ಮರುಜನ್ಮ ಪಡೆಯಿತು, 2021ರಲ್ಲಿ ಇನ್ನೊಂದು. ಈಗ ಆ ನಾಲ್ಕಕ್ಷರದಲ್ಲಿ ‘ಎಫ್’ ಉದುರಿಹೋಗಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಬೆಟ್ಟದ ಪ್ರಸಂಗಕ್ಕೆ ಎರಡು ವಾರ ಮೊದಲು, ಒಂದು ಭಾನುವಾರ, ಮೊಬೈಲಿನಲ್ಲಿ ಹನ್ನೊಂದು ನಿಮಿಷದ ವಿಡಿಯೊ ನೋಡಿ ನಾನೇ ಬಾನೆಟ್ ಎತ್ತಿ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಬಾಡಿ ಕ್ಲೀನ್ ಮಾಡಿದ್ದೆ. ಎರಡು ಕ್ಲಾಂಪ್ ಬಿಚ್ಚಿದೆ, ಗಾಳಿಯ ಕೊಳವೆ ಸರಿಸಿದೆ, ಮಸಿ ಒರೆಸಿದೆ, ಮತ್ತೆ ಹಾಕಿದೆ. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ಹಾಗಾಗಿ ಈ ಕಾಯಿಲೆಗೂ ಆ ಭಾನುವಾರಕ್ಕೂ ಸಂಬಂಧವಿಲ್ಲವೆಂದು ತೀರ್ಮಾನಿಸಿ, ಅದನ್ನು ಯಾರಿಗೂ ಹೇಳದೆ ಬಿಟ್ಟೆ. ಡಾಕ್ಟರ ಮುಂದೆ ಕೂತು ಅಜ್ಜನ ಅಸ್ತಮಾವರೆಗೂ ಎಲ್ಲ ಒಪ್ಪಿಸಿ, ಹಿಂದಿನ ರಾತ್ರಿ ತಿಂದ ಎಂಟು ಬಜ್ಜಿಯ ಸುದ್ದಿಯನ್ನು ಮಾತ್ರ ನುಂಗಿಕೊಳ್ಳುವುದಿಲ್ಲವೇ, ಹಾಗೆ.

ಬೆಟ್ಟದಿಂದ ಇಳಿದ ಮೇಲೆ ಸಲಹೆಗಳು ಬಂದವು. ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ಎಲ್ಲಕ್ಕೂ ಎಥನಾಲೇ ಕಾರಣವೆಂದರು. “2023ರಲ್ಲಿ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಲ್ಲೇ ರೀ. ಹಳೇ ಗಾಡಿಯ ರಬ್ಬರ್ ಎಲ್ಲ ತಿಂದುಹಾಕುತ್ತೆ, ನೀರು ಹೀರುತ್ತೆ.” ಅವರ ಮಾತು ಪೂರ್ತಿ ಸುಳ್ಳಲ್ಲ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಟ್ಯಾಂಕಿನ ತಳದಲ್ಲಿ ಕೂತ ಕೊಳೆಯನ್ನು ಎಬ್ಬಿಸುತ್ತದೆ. ಆದರೆ ಅವರು ತಮ್ಮ ಮೊಣಕಾಲು ನೋವಿಗೂ ಎಥನಾಲನ್ನೇ ಬೈಯುವುದನ್ನು ನಾನು ಕೇಳಿದ್ದೇನೆ. ತಮ್ಮ ಅಂಬಾಸಿಡರ್ ಕಾಲದಿಂದ ಇನ್ನೂ ಇಳಿಯದ ಮಾವನವರು, ಬೇಸ್ತುವಾರದವರೆಗೂ ಚೋಕನ್ನೇ ಹುಡುಕುತ್ತಿದ್ದರು. ಹೆಂಡತಿ ಮಾತ್ರ ಕಾರಿನ ಬಗ್ಗೆ ಏನೂ ಹೇಳಲಿಲ್ಲ. ಅವಳ ತಲೆಬಿಸಿಯೇ ಬೇರೆಯಿತ್ತು.

“ರೀ, ಬೀರುವಿನಲ್ಲಿ ಹದಿನೇಳು ಬ್ಲೌಸ್ ಪೀಸ್ ಇತ್ತು. ಈಗ ಹದಿನಾರಿದೆ.”

ನಮ್ಮ ಕಡೆಯ ಬ್ಲೌಸ್ ಪೀಸುಗಳ ವಿಚಾರ ಗೊತ್ತಲ್ಲ. ಗೃಹಪ್ರವೇಶದಲ್ಲಿ ಬಂದದ್ದು ಸೀಮಂತದಲ್ಲಿ ಹೋಗುತ್ತದೆ, ಸೀಮಂತದಲ್ಲಿ ಬಂದದ್ದು ಗೌರಿ ಹಬ್ಬದ ಬಾಗಿನಕ್ಕೆ. ಯಾವ ದರ್ಜಿಯ ಕತ್ತರಿಯನ್ನೂ ಕಾಣದೆ, ನೋಟಿನ ಹಾಗೆ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಕಳೆದುಹೋದದ್ದು ಗಿಳಿಹಸಿರಿನದು, ಯಾರು ಕೊಟ್ಟದ್ದೆಂದೂ ಯಾರಿಗೆ ಕೊಡಬಾರದೆಂದೂ ಅವಳಿಗೆ ನೆನಪಿತ್ತು. ನನಗೆ ಕಾರಿನ ಚಿಂತೆ, ಹೂಂಗುಟ್ಟಿದೆ.

ಕೊನೆಗೆ ಮಂಡಿ ಮೊಹಲ್ಲಾದ ನಮ್ಮ ಹಳೆಯ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಹೋದದ್ದು ಎಂದರೆ, ಎಕ್ಸಿಲೇಟರಿನ ಮೇಲೆ ಹೆಬ್ಬೆರಳು ಮಾತ್ರ ಇಟ್ಟು, ದಸರಾ ಆನೆಯ ಗತಿಯಲ್ಲಿ. ಆನೆಗೆ ಜನ ಕೈಮುಗಿಯುತ್ತಾರೆ, ನನಗೆ ಕೈಯಲ್ಲಿ ಬೇರೆ ಸನ್ನೆ ಮಾಡಿದರು.

ಭಾಯ್ ನಿಧಾನಸ್ಥ. ಬಾನೆಟ್ ಎತ್ತಿ, ಕೀ ಆನ್ ಮಾಡಿಸಿ, ಹಿಂದಿನ ಸೀಟಿಗೆ ಕಿವಿಯಿಟ್ಟರು. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಎರಡು ಸೆಕೆಂಡ್ ‘ಝುಂಯ್’ ಅನ್ನಬೇಕು. ಅಂದಿತು. “ಪಂಪು ಹಾಡ್ತಾ ಇದೆ. ಆದ್ರೆ ಹಾಡೋರೆಲ್ಲ ಕೆಲಸ ಮಾಡ್ತಾರೆ ಅಂತಿಲ್ಲ ಸಾರ್.” ಸುಮ್ಮನೆ ನಿಂತ ಎಂಜಿನ್ನಿಗೆ ಬೇಕಾದ ಪೆಟ್ರೋಲು ಚಮಚದಷ್ಟು, ಕಟ್ಟಿಕೊಂಡ ಫಿಲ್ಟರೂ ಮುದುಕ ಪಂಪೂ ಅಷ್ಟನ್ನು ಹೇಗೋ ಒದಗಿಸುತ್ತವೆ. ರೇಸ್ ಕೊಟ್ಟಾಗ ಬಿಂದಿಗೆ ಕೇಳುತ್ತದೆ, ಆಗ ಬಂಡವಾಳ ಬಯಲಾಗುತ್ತದೆ. ತರ್ಕ ಎಷ್ಟು ಚೆನ್ನಾಗಿತ್ತೆಂದರೆ ನಾನು ಆ ಭಾನುವಾರವನ್ನು ಪೂರ್ತಿ ಮರೆತೆ.

ಪಂಪು ನೋಡಲು ಹಿಂದಿನ ಸೀಟು ಎತ್ತಬೇಕಾಯಿತು. ಅದರಡಿ ಸಿಕ್ಕವು: ದಸರಾ ವಸ್ತುಪ್ರದರ್ಶನದ ನಾಲ್ಕು ಟಿಕೆಟು, ಮಗಳು ಎರಡನೇ ಕ್ಲಾಸಿನಲ್ಲಿ ಕಳೆದುಕೊಂಡು ಅತ್ತಿದ್ದ ರಬ್ಬರು (ಅವಳೀಗ ಎಂ.ಎಸ್ಸಿ. ಮುಗಿಸಿದ್ದಾಳೆ), ಹನ್ನೊಂದು ರೂಪಾಯಿ ಚಿಲ್ಲರೆ, ಕಲ್ಲಿನಷ್ಟು ಗಟ್ಟಿಯಾದ ಅರ್ಧ ಕೋಡುಬಳೆ, ಮತ್ತು ನಾನು ಯಾವ ಅಂಗಡಿಯವನು ಕದ್ದನೆಂದು ಹತ್ತು ವರ್ಷ ಅನುಮಾನಿಸಿದ್ದೆನೋ ಆ ತಂಪು ಕನ್ನಡಕ. ಆ ಅಂಗಡಿಗೆ ಅಂದಿನಿಂದ ಕಾಲಿಟ್ಟಿರಲಿಲ್ಲ. ಈಗ ಹೋಗಬೇಕೆಂದರೆ ಯಾವ ಮುಖ?

ಗೇಜ್ ಹಾಕಿ ನೋಡಿದರೆ ಪ್ರೆಷರ್ ಹತ್ತಿರ ಹತ್ತಿರ ಮೂರು ಕೆಜಿ, ರೇಸ್ ಕೊಟ್ಟಾಗಲೂ ಇಳಿಯಲಿಲ್ಲ. ಪಂಪು ನಿರಪರಾಧಿ. ಆದರೂ ಫಿಲ್ಟರ್ ಬದಲಾಯಿಸಿದೆವು. ಕರಿಯ ಕಷಾಯ ಸುರಿಯಿತು, ಎದುರು ಮನೆಯವರು ಗೆದ್ದಂತೆ ಕಂಡಿತು. ಕಾರು ಮತ್ತೆ ‘ಉಫ್’. ಪ್ಲಗ್ ಹೊಸದಾಯಿತು. ‘ಉಫ್’. ಥ್ರಾಟಲ್ ಎಷ್ಟು ತೆರೆದಿದೆಯೆಂದು ಕಂಪ್ಯೂಟರಿಗೆ ಚಾಡಿ ಹೇಳುವ ಸೆನ್ಸರಿಗೆ ಮೀಟರ್ ಹಿಡಿದರು. ಅರ್ಧ ವೋಲ್ಟಿನಿಂದ ನಾಲ್ಕು ಚಿಲ್ಲರೆ ವೋಲ್ಟಿನವರೆಗೆ ನಡುವೆ ಎಲ್ಲೂ ಎಡವದೆ ಏರಿತು. ಏರ್ ಫಿಲ್ಟರ್ ಡಬ್ಬ ತೆಗೆದು ನೋಡಿದರು, ಫಿಲ್ಟರ್ ಬೆಳ್ಳಗಿತ್ತು, ಮುಚ್ಚಿದರು. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು, ಒಳಗಿನ ಹೊಗೆ ಶುದ್ಧಮಾಡುವ ಕನ್ವರ್ಟರ್ ಪುಡಿಯಾಗಿ ದಾರಿ ಕಟ್ಟಿದೆಯೇ ಎಂದು ನೋಡಿದರು. ಹೊಗೆ ಧಾರಾಳವಾಗಿ ಬರುತ್ತಿತ್ತು.

ಆಮೇಲೆ ಕಂಪ್ಯೂಟರನ್ನೇ ಕೇಳುವುದೆಂದಾಯಿತು. ಈಗಿನ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ಜಾತಕವೇ ಪರದೆಯ ಮೇಲೆ ಬರುತ್ತದೆ. ನಮ್ಮದು ಅದಕ್ಕಿಂತ ಹಿಂದಿನ ತಲೆಮಾರು. ಬ್ಯಾಟರಿ ಪಕ್ಕದ ಸಣ್ಣ ಕನೆಕ್ಟರಿನ ಎರಡು ಪಿನ್ನುಗಳಿಗೆ ತಂತಿ ಸಿಕ್ಕಿಸಿದರೆ, ಮೀಟರಿನ ಎಂಜಿನ್ ದೀಪ ಮಿಣುಕಿ ಉತ್ತರ ಹೇಳುತ್ತದೆ. ನಾನು ಉಸಿರು ಬಿಗಿಹಿಡಿದು ಎಣಿಸಿದೆ. ಒಂದು ಮಿಣುಕು. ಸ್ವಲ್ಪ ಬಿಟ್ಟು ಎರಡು ಮಿಣುಕು. ಮತ್ತೆ ಅದೇ.

“ಹನ್ನೆರಡು,” ಎಂದರು ಭಾಯ್ ಬೇಸರದಿಂದ. “ಅಂದ್ರೆ ಎಲ್ಲ ಸರಿಯಾಗಿದೆ ಅಂತ.”

ಎಲ್ಲ ಸರಿಯಾಗಿದ್ದ ಕಾರು ಮೂರು ದಿನ ಅವರ ಗ್ಯಾರೇಜಿನಲ್ಲೇ ಉಳಿಯಿತು. ನಾಲ್ಕನೆಯ ದಿನ ಅವರು ನನ್ನನ್ನು ಸೀಟಿನಲ್ಲಿ ಕೂರಿಸಿ, ತಾವು ಬಾನೆಟ್ಟಿನೊಳಗೆ ತಲೆ ಹಾಕಿ “ರೇಸ್ ಕೊಡಿ” ಎಂದರು. ಕೊಟ್ಟೆ. ಆಫ್. “ಇನ್ನೊಂದ್ಸಲ.” ಆಫ್. ತಲೆ ಹೊರಗೆ ತೆಗೆದು ಕೇಳಿದರು. “ಸಾರ್, ಆಫ್ ಆಗೋ ಮುಂಚೆ ಪೈಪಲ್ಲಿ ‘ಥಪ್’ ಅಂತ ಏನೋ ಬಡಿಯುತ್ತೆ. ಇದನ್ನ ಯಾರಾದ್ರೂ ಬಿಚ್ಚಿದ್ರಾ?”

“ಇಲ್ಲವಲ್ಲ,” ಎಂದೆ. ಇಷ್ಟು ದಿನ ಸತ್ಯ ಮುಚ್ಚಿಟ್ಟಿದ್ದೆ, ಈಗ ನೇರ ಸುಳ್ಳಿಗೇ ಬಡ್ತಿ ಸಿಕ್ಕಿತು.

ಭಾಯ್ ಕ್ಲಾಂಪ್ ಸಡಿಲಿಸಿದರು. ಫಿಲ್ಟರಿಗೂ ಥ್ರಾಟಲಿಗೂ ನಡುವೆ ಕೊಳವೆ ಉಬ್ಬಿದ ಹಾಗೆ ಒಂದು ಪ್ಲಾಸ್ಟಿಕ್ ಡಬ್ಬವಿದೆ. ಅದರೊಳಗೆ ಎರಡು ಬೆರಳು ಹಾಕಿ ಎಳೆದರು. ಮೊದಲು ಗಿಳಿಹಸಿರು ತುದಿ. ಆಮೇಲೆ ಇನ್ನಷ್ಟು ಗಿಳಿಹಸಿರು. ಜಾದೂಗಾರನ ಟೋಪಿಯಿಂದ ಬಂದಂತೆ ಬರುತ್ತಲೇ ಇತ್ತು. ಪೂರ್ತಿ ಎಂಬತ್ತು ಸೆಂಟಿಮೀಟರ್, ಚಿನ್ನದ ಬಣ್ಣದ ಅಂಚಿನ ಸಮೇತ.

ಆ ಕ್ಷಣಕ್ಕೆ ಭಾನುವಾರ ಕಣ್ಣ ಮುಂದೆ ನಿಂತಿತು. ಒರೆಸಲು ಬಟ್ಟೆ ಹುಡುಕಿ, ಬೀರುವಿನಲ್ಲಿ ಕೈಗೆ ಸಿಕ್ಕಿದ್ದನ್ನು ತಂದಿದ್ದೆ. ಕೊಳವೆಯೊಳಗೆ ಧೂಳು ಬೀಳದಿರಲೆಂದು, ವಿಡಿಯೊದವನು ಹೇಳಿದಂತೆ, ಅದರ ಬಾಯಿಗೆ ತುರುಕಿದ್ದೆ. ತೆಗೆಯುವುದನ್ನೂ ಅವನು ಹೇಳಿರಬೇಕು. ಆ ಹೊತ್ತಿಗೆ ಕುಕ್ಕರ್ ಮೂರನೇ ಸಲ ಕೂಗಿತ್ತು. ಬಟ್ಟೆ ಡಬ್ಬದ ತಳಕ್ಕೆ ಜಾರಿ ಮಲಗಿತ್ತು. ಊರೊಳಗೆ ನಾನು ಮೂವತ್ತರ ಮೇಲೆ ಓಡಿಸುವವನೇ ಅಲ್ಲವಾದ್ದರಿಂದ ಎರಡು ವಾರ ಅದರ ನಿದ್ದೆ ಕೆಡಲಿಲ್ಲ. ಬೆಟ್ಟದಲ್ಲಿ ಕಾಲು ಅದುಮಿದಾಗ ಗಾಳಿಯ ಸೆಳೆತಕ್ಕೆ ಎದ್ದು ಥ್ರಾಟಲಿನ ಬಾಯಿಗೆ ಮೆತ್ತಿಕೊಂಡಿತು. ಎಂಜಿನ್ ಉಸಿರುಗಟ್ಟಿ ನಿಂತಿತು. ನಿಂತ ಮೇಲೆ ಸೆಳೆತವಿಲ್ಲ, ಬಟ್ಟೆ ಮತ್ತೆ ತಳಕ್ಕೆ. ಹಾಗೆ ನೋಡಿದರೆ ಕಂಪ್ಯೂಟರಿನದೇನೂ ತಪ್ಪಿಲ್ಲ. ಆ ಕಾರಿನಲ್ಲಿ ಬಿಸಿಗೆ ಸೆನ್ಸರಿದೆ, ಗಾಳಿಗಿದೆ, ಬ್ಲೌಸ್ ಪೀಸಿಗೆ ಯಾರೂ ಇಟ್ಟಿಲ್ಲ.

“ಇಲಿ ಎಳಕೊಂಡು ಹೋಗಿರಬೇಕು ಭಾಯ್,” ಎಂದೆ.

ಭಾಯ್ ಕ್ಲಾಂಪನ್ನು ತಿರುಗಿಸಿ ನೋಡಿದರು. ಅದರ ಸ್ಕ್ರೂ ತಲೆಯ ಮೇಲೆ ಹೊಸ ಗೀರುಗಳಿದ್ದವು. “ಹೌದು ಸಾರ್. ನಮ್ಮ ಮೈಸೂರಿನ ಇಲಿಗಳು ತುಂಬ ಓದಿಕೊಂಡಿವೆ. ಬಿಚ್ಚಿ, ಬಟ್ಟೆ ಇಟ್ಟು, ವಾಪಸ್ ಟೈಟ್ ಬೇರೆ ಮಾಡಿದೆ.”

ಆಮೇಲೆ ಅವರೇ ಕೂತು ರೇಸ್ ಕೊಟ್ಟರು. ನಮ್ಮ ಕಾರು ಮಂಡಿ ಮೊಹಲ್ಲಾ ಪೂರ್ತಿ ಕೇಳುವಂತೆ ಕೂಗಿತು. ಬಿಲ್ಲಿನಲ್ಲಿ ಫಿಲ್ಟರ್ ಇತ್ತು, ಪ್ಲಗ್ ಇತ್ತು, ನಾಲ್ಕು ದಿನದ ಕೂಲಿ ಇತ್ತು. ಒಟ್ಟು ಮೊತ್ತಕ್ಕೆ, ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ನೂರಕ್ಕೂ ಹೆಚ್ಚು ಬ್ಲೌಸ್ ಪೀಸು ಬರುತ್ತಿತ್ತು.

ಮನೆಗೆ ಬಂದು, ಯಾರೂ ಕಾಣದಂತೆ ಅದನ್ನು ಸೋಪಿನ ಪುಡಿಯಲ್ಲಿ ನೆನೆಸಿ ತೊಳೆದೆ. ಮಸಿ ಹೋಯಿತು, ಪೆಟ್ರೋಲಿನ ಘಮ ಹೋಗಲಿಲ್ಲ. ಒಣಗಿಸಿ, ಮಡಿಸಿ, ಬೀರುವಿನಲ್ಲಿ ನಡುವೆ ಎಲ್ಲೋ ತೂರಿಸಿಟ್ಟೆ.

ಮರುವಾರ ಹೆಂಡತಿ ಎಣಿಸಿದಳು. “ರೀ, ಹದಿನೇಳು ಸರಿಯಾಗೇ ಇದೆ. ನಾನೇ ತಪ್ಪು ಎಣಿಸಿದ್ದೆ ಅನ್ಸತ್ತೆ.” ಆ ಸಂಜೆ ಎದುರು ಮನೆಯ ಮ್ಯಾನೇಜರರ ಹೆಂಡತಿ ಅರಿಶಿನ ಕುಂಕುಮಕ್ಕೆ ಬಂದರು. ತಾಂಬೂಲದ ತಟ್ಟೆಯಲ್ಲಿ ಗಿಳಿಹಸಿರು ಹೊಳೆಯುತ್ತಿತ್ತು. ರಾತ್ರಿ ಎಂಟೂವರೆಗೆ ಅವರ ಮನೆಯಿಂದ ಮ್ಯಾನೇಜರರ ದನಿ ಕೇಳಿಸಿತು:

“ಎಲ್ಲಿಂದಲೋ ಎಥನಾಲ್ ವಾಸನೆ ಬರ್ತಾ ಇದೆ ಕಣೇ!”