ನೀರಿಗಾಗಿ ಯುರೋಪಿನವರು ಹಾಕಿದ ಸಹಿ

"ಸಹಿ ಹಾಕಿದ್ರ ಏನಾಗ್ತದ ಬಿಡ್ರಿ" ಅನ್ನೋರು ನಮ್ಮ ಕಡೆ ಬಹಳ. ಅವರ ಮಾತು ಅರ್ಧ ನಿಜ. ಯಾವ ಅರ್ಧ ಅನ್ನೋದು ತಿಳೀಬೇಕಾದ್ರೆ ಯುರೋಪಿನ ಒಂದು ನೀರಿನ ಜಗಳ ನೋಡಬೇಕು.

2011ರ ಡಿಸೆಂಬರಿನಲ್ಲಿ ಯುರೋಪಿಯನ್ ಕಮಿಷನ್ (ಯುರೋಪ್ ಒಕ್ಕೂಟದ ಕಾರ್ಯಾಂಗ, ಕಾಯ್ದೆಯ ಕರಡು ಮಂಡಿಸೋದು ಇದೇ) ಒಂದು ಕರಡು ಮುಂದಿಟ್ಟಿತು. ಸರ್ಕಾರಗಳು, ನಗರಸಭೆಗಳು ಸಾರ್ವಜನಿಕ ಸೇವೆಗಳನ್ನು ಗುತ್ತಿಗೆಗೆ ಕೊಡುವಾಗ ಇಡೀ ಒಕ್ಕೂಟಕ್ಕೆ ಒಂದೇ ನಿಯಮ ಇರಲಿ ಅಂತ. ಕುಡಿಯುವ ನೀರೂ ಅದರೊಳಗೆ ಇತ್ತು. ಇದು ಖಾಸಗೀಕರಣ ಅಲ್ಲವೇ ಅಲ್ಲ, ಟೆಂಡರ್ ಪಾರದರ್ಶಕ ಆಗಲಿ ಅಂತಷ್ಟೇ ಎಂದರು ಕಮಿಷನ್‌ನವರು. ಜನ ನಂಬಲಿಲ್ಲ. ಯಾಕೆ ನಂಬಬೇಕು? ಬರ್ಲಿನ್ 1999ರಲ್ಲಿ ತನ್ನ ಜಲಮಂಡಳಿಯ ಶೇ 49.9 ಪಾಲನ್ನು ಖಾಸಗಿಯವರಿಗೆ ಮಾರಿತ್ತು. ಆ ಗುಟ್ಟಿನ ಒಪ್ಪಂದವನ್ನು ಬಯಲಿಗಿಡಿ ಅಂತ ಅಲ್ಲಿನ ಜನ 2011ರಲ್ಲಿ ಮತ ಹಾಕಿ ಗೆದ್ದಿದ್ದರು. ಅದೇ ವರ್ಷ ಇಟಲಿಯ ಜನಮತಗಣನೆಯಲ್ಲಿ ಶೇ 95ರಷ್ಟು ಮತ ನೀರಿನ ಖಾಸಗೀಕರಣದ ವಿರುದ್ಧ ಬಿದ್ದಿತ್ತು.

ಆಗಷ್ಟೇ, 2012ರ ಏಪ್ರಿಲಿನಲ್ಲಿ, ಒಂದು ಹೊಸ ವ್ಯವಸ್ಥೆ ಜಾರಿಗೆ ಬಂದಿತ್ತು. 10 ಲಕ್ಷ ಸಹಿ, ಜೊತೆಗೆ ಕನಿಷ್ಠ 7 ದೇಶಗಳಲ್ಲಿ ನಿಗದಿಪಡಿಸಿದಷ್ಟು ಸಹಿ ಕೂಡಿದರೆ ಕಮಿಷನ್ ಉತ್ತರ ಕೊಡಲೇಬೇಕು. ಗಮನಿಸಿ, ಉತ್ತರ ಮಾತ್ರ. ಕಾಯ್ದೆ ತರಲೇಬೇಕು ಅಂತೇನಿಲ್ಲ. ಸಾರ್ವಜನಿಕ ಸೇವೆಯ ನೌಕರರ ಸಂಘಗಳು ಸೇರಿ 'ರೈಟ್ ಟು ವಾಟರ್' ಹೆಸರಲ್ಲಿ ಸಹಿ ಸಂಗ್ರಹ ಶುರು ಮಾಡಿದವು. ನಮ್ಮಂಗೆ ಹೆಸರು ಬರೆದು ಗೀಚಿದರೆ ಮುಗೀತು ಅನ್ನೋ ಹಾಗಿಲ್ಲ. ಎಷ್ಟೋ ದೇಶಗಳಲ್ಲಿ ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿಯ ನಂಬರ್ ಕೊಡಬೇಕು, ಆಮೇಲೆ ಆಯಾ ದೇಶದ ಅಧಿಕಾರಿಗಳು ತಾಳೆ ನೋಡಬೇಕು. ಸುಮಾರು 19 ಲಕ್ಷ ಸಹಿಗಳಲ್ಲಿ ಕೊನೆಗೆ ಊರ್ಜಿತವಾದದ್ದು 16.6 ಲಕ್ಷ. ಅದರಲ್ಲೂ 12 ಲಕ್ಷಕ್ಕೂ ಹೆಚ್ಚು ಜರ್ಮನಿ ಒಂದೇ ದೇಶದವು. 2013ರ ಜನವರಿಯಲ್ಲಿ ಅಲ್ಲಿನ ಟೀವಿ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಈ ಕರಡನ್ನು ಗೇಲಿ ಮಾಡಿದ್ದೇ ತಡ, ಸಹಿ ಸುರಿದವು.

2013ರ ಜೂನ್‌ನಲ್ಲಿ ಕಮಿಷನರ್ ಮಿಶೆಲ್ ಬಾರ್ನಿಯೆ ನೀರನ್ನು ಕರಡಿನಿಂದ ಕೈಬಿಡುತ್ತೇವೆ ಅಂದುಬಿಟ್ಟರು. ಸಹಿಗಳನ್ನು ವಿಧಿವತ್ತಾಗಿ ಸಲ್ಲಿಸಿದ್ದು ಡಿಸೆಂಬರಿನಲ್ಲಿ! ಅಂದ್ರೆ ಅರ್ಜಿ ಕೈಗೆ ಮುಟ್ಟುವ ಮೊದಲೇ ಕೆಲಸ ಆಗಿತ್ತು. ಕರಡು ಇನ್ನೂ ಚರ್ಚೆಯಲ್ಲಿತ್ತು, ಸೆಪ್ಟೆಂಬರಿನಲ್ಲಿ ಜರ್ಮನಿಯ ಚುನಾವಣೆ ಬೇರೆ ಇತ್ತು.

ಆದರೆ ಅರ್ಜಿಯ ಮುಖ್ಯ ಬೇಡಿಕೆ, ನೀರನ್ನು ಹಕ್ಕು ಅಂತ ಕಾನೂನಿನಲ್ಲಿ ಬರೀರಿ ಅನ್ನೋದು, ಈಡೇರಲಿಲ್ಲ. 2014ರ ಮಾರ್ಚ್‌ನಲ್ಲಿ ಬಂದ ಉತ್ತರದಲ್ಲಿ ಒಳ್ಳೆ ಮಾತುಗಳೇ ಜಾಸ್ತಿ. ಇದು ಸಾಲದು ಅಂತ 2015ರಲ್ಲಿ ಯುರೋಪಿನ ಸಂಸತ್ತೇ ನಿರ್ಣಯ ಮಾಡಿತು. 2020ರಲ್ಲಿ ತಿದ್ದಿದ ಕುಡಿಯುವ ನೀರಿನ ನಿರ್ದೇಶನದಲ್ಲಿ (ಸದಸ್ಯ ದೇಶಗಳು ಪಾಲಿಸಬೇಕಾದ ಒಕ್ಕೂಟದ ಕಾನೂನು), ನೀರು ಸಿಗದ ದುರ್ಬಲರಿಗೆ ಒದಗಿಸಿ, ಹೋಟೆಲುಗಳಲ್ಲಿ ನಲ್ಲಿ ನೀರು ಕೊಡೋದಕ್ಕೆ ಪ್ರೋತ್ಸಾಹಿಸಿ ಅನ್ನೋ ಮಾತು ಸೇರಿತು. (ಆರ್ಡರ್ ಕೇಳೋ ಮೊದಲೇ ಲೋಟ ಇಡೋ ನಮಗೆ ಇದೊಂದು ತಮಾಷೆ.)

ಜನರ ಮಾತು ಮೇಲಿನವರಿಗೆ ಮುಟ್ಟಿಸೋದಕ್ಕೆಂದೇ ಬ್ರಸೆಲ್ಸ್‌ನಲ್ಲಿ ಒಕ್ಕೂಟದ 329 ಸದಸ್ಯರ ಆರ್ಥಿಕ ಮತ್ತು ಸಾಮಾಜಿಕ ಸಮಿತಿ ಇದೆ, 1958ರಿಂದ. ಉದ್ಯೋಗದಾತರು, ಕಾರ್ಮಿಕರು, ನಾಗರಿಕ ಸಂಘಟನೆಗಳು, ಎಲ್ಲರಿಗೂ ಕುರ್ಚಿ ಉಂಟು. ಅಭಿಪ್ರಾಯ ಬರೆದು ಕಳಿಸುತ್ತಾರೆ. ಅದರಂತೆ ನಡೆಯಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ನನಗಂತೂ ಆ ಕುರ್ಚಿಗಳಿಗಿಂತ ಚಂದಾ ಎತ್ತಿ, ಕಚೇರಿ ಇಟ್ಟು, ಊರೂರಲ್ಲಿ ಜನ ಇರೋ ಒಂದು ನೌಕರರ ಸಂಘವೇ ಮೇಲು ಅನ್ನಿಸುತ್ತೆ.

ಬರ್ಲಿನ್‌ನಲ್ಲಿ ಪಾಲು ಹೊಂದಿದ್ದ ಫ್ರಾನ್ಸಿನ ಕಂಪನಿ ವೆಯೋಲಿಯಾ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯವರಿಗೆ ಹೊಸಬರಲ್ಲ. ವಿಶ್ವಬ್ಯಾಂಕ್ ಸಾಲದ 24 ಗಂಟೆ ನೀರಿನ ಪ್ರಾಯೋಗಿಕ ಯೋಜನೆ ನಡೆಸಿದ್ದು ಅದೇ. ಆ ವಾರ್ಡುಗಳಲ್ಲಿ ನೀರು ದಿನವಿಡೀ ಬಂತು, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಉಳಿದ ವಾರ್ಡಿನವರು ಬ್ಯಾರಲ್ ತುಂಬಿಸಿಟ್ಟು ಮುಂದಿನ ಸರದಿ ಕಾಯ್ತಾ ಇದ್ದರು. ಹಾಗಾಗಿ ಖಾಸಗಿ ಅಂದ ಕೂಡಲೇ ಬೆಂಕಿ ಕಾರೋದು ನನಗೆ ಒಪ್ಪಿಗೆ ಇಲ್ಲ. ನನ್ನ ತಕರಾರು ಬರ್ಲಿನ್ ಜನರದ್ದೇ: ಒಪ್ಪಂದ ತೋರಿಸಿ.

ಕರಡು ಮೇಜಿನ ಮೇಲಿದ್ದಾಗ ತಡೆಯೋಕೆ ಸಹಿ ಸಾಕಾಯ್ತು. ಇಲ್ಲದ ಕಾಯ್ದೆ ತರಿಸೋಕೆ? ಫಾರ್ಮ್‌ಗಳಲ್ಲಿ ಸಾಕುವ ಪ್ರಾಣಿಗಳನ್ನು ಪಂಜರದಲ್ಲಿ ಕೂಡಿಹಾಕಬೇಡಿ ಅಂತ ಸುಮಾರು 14 ಲಕ್ಷ ಜನ ಸಹಿ ಹಾಕಿದರು. 2023ರ ಕೊನೆಯೊಳಗೆ ಮಸೂದೆ ತರ್ತೀವಿ ಅಂತ ಕಮಿಷನ್ 2021ರಲ್ಲಿ ಮಾತು ಕೊಟ್ಟಿತು. ಆ ಗಡುವು ಮಸೂದೆ ಇಲ್ಲದೇ ಕಳೆಯಿತು, 2024ರಲ್ಲಿ ಅರ್ಜಿದಾರರು ಕೋರ್ಟ್ ಮೆಟ್ಟಿಲು ಹತ್ತಿದರು.